ನಾನಿಯ ಮನೆಯಲ್ಲಿ ಇಫ್ತಾರ್ ಮೊದಲೇಕೆ?



ಯಲ್ದೂರಿನ ನಮ್ಮ ಮಸೀದಿಯಲ್ಲಿ ಎರಡು ಜುಮಾಗಳಲ್ಲಿ ಈ ವಿಷಯದ ಮೇಲೆ ಬಯಾನ್ ಆಯಿತು. ಸಮಯ ಸಾಲದೆ ಅಲ್ಲಿ ಹೇಳದೆ ಬಿಟ್ಟದ್ದನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ. ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಓದಿ. ಪ್ರಶ್ನೆ ಅವರದೇ.

ರಂಜಾನ್ ತಿಂಗಳ ಒಂದು ಸಂಜೆ. ನಮ್ಮ ಮದ್ರಸಕ್ಕೆ ಬರುವ ಐದನೇ ತರಗತಿಯ ಹುಡುಗಿಯೊಬ್ಬಳ ಮನೆಯಲ್ಲಿ ದಸ್ತರ್‌ಖಾನ್ ಹಾಸಿ ಎಲ್ಲರೂ ಕೂತಿದ್ದರು. ಚೆನ್ನೈಯಲ್ಲಿರುವ ನಾನಿ ವೀಡಿಯೊ ಕರೆಯಲ್ಲಿದ್ದರು. ಅಲ್ಲಿ ಅಜಾನ್ ಆಯಿತು, ನಾನಿ ಖರ್ಜೂರ ಬಾಯಿಗಿಟ್ಟು ನೀರು ಕುಡಿದರು. ಇಲ್ಲಿ ಇನ್ನೂ ಬೆಳಕು. ಹುಡುಗಿ ಕೇಳಿದಳು: "ಅಬ್ಬಾ, ನಾನಿದು ಇಫ್ತಾರ್ ಆಗೋಯ್ತು, ನಮ್ದು ಯಾಕೆ ಆಗಿಲ್ಲ?" ಅಬ್ಬಾ ಸುಮ್ಮನಿರು ಎಂದರು. ಅವಳು ಮತ್ತೆ ಕೇಳಿದಳು. "ದೀನಿನ ವಿಷಯದಲ್ಲಿ ಹಾಗೆಲ್ಲ ಪ್ರಶ್ನೆ ಕೇಳಬಾರದು, ಗುನಾ ಆಗುತ್ತದೆ" ಎಂಬ ಉತ್ತರ ಬಂತು.

ಮರುದಿನ ಅವಳು ನನ್ನ ಬಳಿ ಬಂದು, "ಹಜ್ರತ್, ನಾನಿ ರೋಜಾ ಮೊದಲೇ ಬಿಟ್ಟಿದ್ದು ತಪ್ಪಾ, ನಾವು ತಡ ಮಾಡಿದ್ದು ತಪ್ಪಾ?" ಎಂದಳು. ಎರಡೂ ತಪ್ಪಲ್ಲ, ಎರಡೂ ಸರಿ ಎಂದೆ. ಹೇಗೆ ಸರಿ ಎಂದು ತೋರಿಸಲು ಒಂದು ಕಿತ್ತಳೆ ಹಣ್ಣು, ಮೂರು ಲವಂಗ, ಒಂದು ಟಾರ್ಚ್ ಬೇಕಾಯಿತು.

ಅದೇ ರಂಜಾನ್‌ನಲ್ಲಿ ಇನ್ನೊಂದು ಮನೆಯ ಹಿರಿಯರು ಬಂದರು. ಸಂಬಂಧಿಕರು ಕಳಿಸಿದ ಬೇರೆ ಊರಿನ ವೇಳಾಪಟ್ಟಿಯನ್ನು ಮೊಬೈಲಿನಲ್ಲಿ ನೋಡಿಕೊಂಡು ಅವರ ಮನೆಯವರು ಮೂರು ದಿನ ಇಫ್ತಾರ್ ಮಾಡಿದ್ದರು. ನಾಲ್ಕನೇ ದಿನ ಚಿಕ್ಕ ಮಗ ಮಾಳಿಗೆಯಿಂದ ಇಳಿದು ಬಂದು, "ಸೂರ್ಯ ಇನ್ನೂ ಕಾಣ್ತಾ ಇದೆ" ಎಂದನಂತೆ. ಸೂರ್ಯ ಮುಳುಗಿತೆಂದು ಭಾವಿಸಿ ಉಪವಾಸ ಬಿಟ್ಟು, ಮುಳುಗಿರಲಿಲ್ಲವೆಂದು ಆಮೇಲೆ ತಿಳಿದರೆ ಕಫ್ಫಾರಾ ಇಲ್ಲ, ಆದರೆ ಆ ಉಪವಾಸದ ಕಜಾ ಮಾಡಬೇಕು. ಮನೆಮಂದಿಯೆಲ್ಲ ಮೂರು ಮೂರು ರೋಜಾ ಮತ್ತೆ ಹಿಡಿದರು. ಐದನೇ ತರಗತಿಯ ಪಾಠವೊಂದು ಆ ಮನೆಯ ದೊಡ್ಡವರಿಗೆ ನೆನಪಿದ್ದಿದ್ದರೆ ಹೀಗಾಗುತ್ತಿರಲಿಲ್ಲ.

ಆ ಪಾಠಕ್ಕೆ ಬರೋಣ. ಕಿತ್ತಳೆಯೇ ಭೂಮಿ. ತೊಟ್ಟಿರುವ ತುದಿ ಮೇಲೆ, ಅದು ಉತ್ತರ. ಹಣ್ಣಿನ ನಡುವಿಗಿಂತ ಸ್ವಲ್ಪ ಮೇಲೆ ಒಂದೇ ಸಾಲಿನಲ್ಲಿ ಮೂರು ಲವಂಗ ಚುಚ್ಚಿ. ಎಡಗಡೆಯದು ಮಂಗಳೂರು, ಮಧ್ಯದ್ದು ಯಲ್ದೂರು, ಬಲಗಡೆಯದು ಚೆನ್ನೈ. ನಿಜವಾದ ಅಳತೆಯಲ್ಲಿ ಮೂರೂ ಲವಂಗ ಒಂದರ ಮೇಲೊಂದು ಕೂರಬೇಕಾಗುತ್ತದೆ, ಆದರೆ ಮಗುವಿನ ಕಣ್ಣಿಗೆ ಕಾಣಬೇಕಲ್ಲ, ಸ್ವಲ್ಪ ದೂರ ದೂರ ಇರಲಿ. ಕೋಣೆ ಕತ್ತಲು ಮಾಡಿ ಒಂದು ಕಡೆಯಿಂದ ಟಾರ್ಚ್ ಹಿಡಿಯಿರಿ. ಅರ್ಧ ಹಣ್ಣಿಗೆ ಬೆಳಕು, ಅರ್ಧಕ್ಕೆ ಕತ್ತಲು. ಈಗ ಹಣ್ಣನ್ನು ಪಶ್ಚಿಮದಿಂದ ಪೂರ್ವಕ್ಕೆ, ಅಂದರೆ ಮೇಲಿನಿಂದ ನೋಡಿದರೆ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ, ನಿಧಾನವಾಗಿ ತಿರುಗಿಸಿ. ಮೊದಲು ಕತ್ತಲಿಗೆ ಹೋಗುವುದು ಚೆನ್ನೈ, ಆಮೇಲೆ ಯಲ್ದೂರು, ಕೊನೆಗೆ ಮಂಗಳೂರು. ಟಾರ್ಚ್ ಅಲುಗಾಡಲೇ ಇಲ್ಲ. ಹುಡುಗಿ ಮೂರು ಸಲ ತಿರುಗಿಸಿ ನೋಡಿ, "ಅಂದ್ರೆ ಬೆಳಿಗ್ಗೆ ಸಹರಿನೂ ನಾನಿಗೇ ಮೊದಲು ಮುಗಿಯುತ್ತೆ" ಎಂದಳು. ನಾನು ಅದನ್ನು ಹೇಳಿಕೊಟ್ಟಿರಲಿಲ್ಲ.

ಲೆಕ್ಕವೂ ಸುಲಭ. ಭೂಮಿ ಒಂದು ಸುತ್ತು, ಅಂದರೆ 360 ಡಿಗ್ರಿ ತಿರುಗಲು 24 ಗಂಟೆ. ಒಂದು ಡಿಗ್ರಿಗೆ 4 ನಿಮಿಷ. ಚೆನ್ನೈ ನಮ್ಮಿಂದ ಪೂರ್ವಕ್ಕೆ ಸುಮಾರು 2 ಡಿಗ್ರಿ ದೂರ, ಆದ್ದರಿಂದ ಸುಮಾರು 8 ನಿಮಿಷ ಮೊದಲು. ಮಂಗಳೂರು ಪಶ್ಚಿಮಕ್ಕೆ 3 ಡಿಗ್ರಿಗಿಂತ ಸ್ವಲ್ಪ ಹೆಚ್ಚು, ಆದ್ದರಿಂದ ಸುಮಾರು 13 ನಿಮಿಷ ತಡ. ಕಿಲೋಮೀಟರ್‌ನಲ್ಲಿ ಹೇಳುವುದಾದರೆ, ನಮ್ಮ ಸೀಮೆಯಲ್ಲಿ ನೇರ ಪೂರ್ವಕ್ಕೋ ಪಶ್ಚಿಮಕ್ಕೋ ಸುಮಾರು 27 ಕಿ.ಮೀ. ಹೋದರೆ ಒಂದು ನಿಮಿಷದ ವ್ಯತ್ಯಾಸ. ಕೋಲಾರದ ಪಟ್ಟಿಯನ್ನು ಯಲ್ದೂರಿನಲ್ಲಿ ಇಟ್ಟುಕೊಂಡರೆ ತೊಂದರೆಯಿಲ್ಲ, ಪಟ್ಟಿ ಮಾಡುವವರು ಎಚ್ಚರಿಕೆಗೆಂದು ಒಂದೆರಡು ನಿಮಿಷ ಸೇರಿಸಿಯೇ ಇರುತ್ತಾರೆ. ಚೆನ್ನೈ ಪಟ್ಟಿ ಇಟ್ಟುಕೊಂಡರೆ ಉಪವಾಸವೇ ಹೋಯಿತು. ಮೊಬೈಲಿನ ಆ್ಯಪ್ ನೋಡುವವರು ಅದರ ಮೇಲ್ಭಾಗದಲ್ಲಿ ಯಾವ ಊರಿನ ಹೆಸರಿದೆ ಎಂದು ಮೊದಲು ನೋಡಿ. ಲೊಕೇಶನ್ ಆಫ್ ಆಗಿದ್ದರೆ ಅದು ಬೇರೆಲ್ಲಿಯದೋ ಸಮಯ ತೋರಿಸುತ್ತಿರಬಹುದು.

ಇಲ್ಲಿ ಒಂದು ಮಾತು ಬರುತ್ತದೆ, ಬಯಾನ್ ಮುಗಿದ ಮೇಲೆ ನನ್ನ ಬಳಿಗೂ ಬಂತು. "ಹಜ್ರತ್, ಸೂರ್ಯ ಚಲಿಸುತ್ತದೆ ಎಂದು ಕುರ್‌ಆನ್‌ನಲ್ಲಿದೆ. ಭೂಮಿ ತಿರುಗುತ್ತದೆ ಎಂದು ಶಾಲೆಯಲ್ಲಿ ಹೇಳುತ್ತಾರೆ. ಮಕ್ಕಳು ಯಾವುದನ್ನು ನಂಬಬೇಕು?" ಕೇಳಿದವರು ಒಳ್ಳೆಯ ಮನಸ್ಸಿನಿಂದಲೇ ಕೇಳಿದರು. ಬೆಂಗಳೂರಿನಿಂದ ರೈಲಿನಲ್ಲಿ ಬರುವಾಗ ನಾವು "ಬಂಗಾರಪೇಟೆ ಬಂತು, ಇಳಿಯಿರಿ" ಎನ್ನುತ್ತೇವೆ. ಬಂಗಾರಪೇಟೆ ಎಲ್ಲಿಗೂ ಬರುವುದಿಲ್ಲ, ಬಂದದ್ದು ನಾವು. ಹಾಗೆಂದ ಮಾತ್ರಕ್ಕೆ ಸುಳ್ಳು ಹೇಳಿದಂತಾಯಿತೇ? ಕೂತವನಿಗೆ ಕಾಣುವಂತೆ ಮಾತಾಡುವುದು ಎಲ್ಲ ಭಾಷೆಯ ರೀತಿ. ಸೂರಃ ಯಾಸೀನ್ ಸೂರ್ಯ, ಚಂದ್ರ, ರಾತ್ರಿ, ಹಗಲು ತಮ್ಮ ತಮ್ಮ ನೆಲೆಯಲ್ಲಿ ಸಾಗುವುದನ್ನು ನೆನಪಿಸುವುದು ನಾವು ಅವುಗಳ ಒಡೆಯನನ್ನು ಗುರುತಿಸಲಿ ಎಂದು. ಸೂರ್ಯ ನಿಂತಲ್ಲೇ ನಿಂತಿದೆ ಎಂದು ವಿಜ್ಞಾನವೂ ಹೇಳುವುದಿಲ್ಲ. ಅದು ತನ್ನ ಗ್ರಹಗಳನ್ನೆಲ್ಲ ಕರೆದುಕೊಂಡು ನಕ್ಷತ್ರಗಳ ದೊಡ್ಡ ಸಮೂಹದ ನಡುವನ್ನು ಸುತ್ತುತ್ತಿದೆ, ಒಂದು ಸುತ್ತಿಗೆ 20 ಕೋಟಿಗೂ ಹೆಚ್ಚು ವರ್ಷ. ಆದರೆ ನಮಗೆ ಹಗಲು ರಾತ್ರಿ ಆಗುವುದು ಭೂಮಿ ತನ್ನ ಸುತ್ತ ತಿರುಗುವುದರಿಂದ. ಇದನ್ನು ಮಗುವಿಗೆ ಧೈರ್ಯವಾಗಿ ಹೇಳಿ.

ಇದೇ ಜಾಗದಲ್ಲಿ ನನ್ನದೊಂದು ಬೇಸರ. "ವಿಜ್ಞಾನಿಗಳು ಈಗ ಕಂಡುಹಿಡಿದದ್ದು ಕುರ್‌ಆನ್‌ನಲ್ಲಿ ಮೊದಲೇ ಇತ್ತು" ಎಂಬ ಸಂದೇಶಗಳು ದಿನಕ್ಕೆ ಹತ್ತು ಬರುತ್ತವೆ. ಅವುಗಳಲ್ಲಿ ಎಷ್ಟೋ ಸುಳ್ಳು. ಅಲ್ಲಾಹನ ಗ್ರಂಥಕ್ಕೆ ಸುಳ್ಳಿನ ಆಸರೆ ಬೇಕಾಗಿಲ್ಲ. ಕಳಿಸುವ ಸಮಯದಲ್ಲಿ ಮಗಳ ಜೊತೆ ಮಾಳಿಗೆ ಹತ್ತಿ ಒಂದು ಕೋಲು ನೆಟ್ಟರೆ ಹೆಚ್ಚು ಪ್ರಯೋಜನ.

ಕೋಲಿನ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ನಮಾಜನ್ನು ಗೊತ್ತಾದ ಸಮಯಗಳಲ್ಲಿ ಕಡ್ಡಾಯಗೊಳಿಸಲಾಗಿದೆ ಎಂದು ಸೂರಃ ಅನ್ನಿಸಾದಲ್ಲಿ ಇದೆ. ಗಡಿಯಾರ ಇಲ್ಲದ ಕಾಲದಲ್ಲಿ ಆ ಸಮಯಗಳನ್ನು ತೋರಿಸಿದ್ದು ನೆರಳು. ಜಿಬ್ರೀಲ್(ಅ) ಕಾಬಾದ ಬಳಿ ಪ್ರವಾದಿಯವರಿಗೆ(ಸ) ಎರಡು ದಿನ ನಮಾಜಿನ ಸಮಯ ಕಲಿಸಿದ ಹದೀಸ್‌ನಲ್ಲಿ ಝುಹರ್ ಮತ್ತು ಅಸರ್‌ಗಳ ಗುರುತು ನೆರಳಿನ ಉದ್ದವೇ. ಸೂರಃ ಅಲ್ ಫುರ್ಕಾನ್‌ನ 45ನೇ ಸೂಕ್ತ ನೆರಳನ್ನು ಹೇಗೆ ಚಾಚಲಾಗಿದೆ ಎಂದು ನೋಡಲು ನಮ್ಮನ್ನು ಕರೆಯುತ್ತದೆ, ಸೂರ್ಯನನ್ನು ಅದರ ಮಾರ್ಗದರ್ಶಿ ಎನ್ನುತ್ತದೆ. ಹಾಗಾದರೆ ಅದನ್ನು ನೋಡೋಣ.

ಒಂದು ಮೀಟರ್ ಉದ್ದದ ನೇರ ಕೋಲು ತೆಗೆದುಕೊಳ್ಳಿ. ಹಳೆಯ ಬಣ್ಣದ ಡಬ್ಬಕ್ಕೆ ಮರಳು ತುಂಬಿ ಅದರಲ್ಲಿ ನಿಲ್ಲಿಸಿದರೂ ಸರಿ, ನೆಲದಿಂದ ತುದಿಗೆ ಒಂದು ಮೀಟರ್ ಇರಲಿ. ದಾರಕ್ಕೆ ಕಲ್ಲು ಕಟ್ಟಿ ಪಕ್ಕದಲ್ಲಿ ಇಳಿಬಿಟ್ಟು ಕೋಲು ನೆಟ್ಟಗಿದೆಯೇ ನೋಡಿ. ನೆಲ ಸಮತಟ್ಟಾಗಿರಬೇಕು. ಬೆಳಿಗ್ಗೆ ಉದ್ದವಾಗಿ ಪಶ್ಚಿಮಕ್ಕೆ ಬಿದ್ದ ನೆರಳು ಹೊತ್ತು ಏರಿದಂತೆ ಕುಗ್ಗುತ್ತದೆ, ಅತಿ ಚಿಕ್ಕದಾಗುತ್ತದೆ, ಮತ್ತೆ ಪೂರ್ವಕ್ಕೆ ಬೆಳೆಯುತ್ತದೆ. ಕುಗ್ಗುವುದು ನಿಂತು ಬೆಳೆಯಲು ತೊಡಗಿದ್ದೇ ಜವಾಲ್, ಅಲ್ಲಿಂದ ಝುಹರ್.

ಆದರೆ ಮಕ್ಕಳು ಅಳೆಯಲು ಹೊರಟರೆ ಒಂದು ತೊಡಕು ಕಾಣುತ್ತದೆ. ಮಧ್ಯಾಹ್ನದ ಹತ್ತಿರ ನೆರಳಿನ ಉದ್ದ ಎಷ್ಟು ನಿಧಾನ ಬದಲಾಗುತ್ತದೆ ಎಂದರೆ ಅತಿ ಚಿಕ್ಕದು ಯಾವ ನಿಮಿಷದಲ್ಲಿ ಆಯಿತು ಎಂದು ಹೇಳುವುದು ಕಷ್ಟ. ಇದಕ್ಕೆ ಹಳೆಯ ಉಪಾಯವೊಂದಿದೆ. ಕೋಲಿನ ಬುಡವನ್ನು ಕೇಂದ್ರ ಮಾಡಿಕೊಂಡು ಒಂದು ಮೀಟರ್ ದಾರದಿಂದ ಸೀಮೆಸುಣ್ಣದ ವೃತ್ತ ಎಳೆಯಿರಿ. ಬೆಳಿಗ್ಗೆ ನೆರಳಿನ ತುದಿ ವೃತ್ತದ ಒಳಗೆ ಬರುವ ಜಾಗಕ್ಕೆ ಗುರುತು ಹಾಕಿ. ಮಧ್ಯಾಹ್ನದ ಮೇಲೆ ಅದು ವೃತ್ತ ದಾಟಿ ಹೊರಗೆ ಹೋಗುವ ಜಾಗಕ್ಕೆ ಇನ್ನೊಂದು ಗುರುತು. ಎರಡನ್ನೂ ಸೇರಿಸಿದರೆ ಪೂರ್ವ-ಪಶ್ಚಿಮ ಗೆರೆ. ಆ ಗೆರೆಯ ನಡುವಿನಿಂದ ಕೋಲಿನ ಬುಡಕ್ಕೆ ಎಳೆದರೆ ಉತ್ತರ-ದಕ್ಷಿಣ ಗೆರೆ. ಮರುದಿನ ನೆರಳು ಆ ಗೆರೆಯ ಮೇಲೆ ಬಿದ್ದ ಕ್ಷಣವೇ ನಡುಮಧ್ಯಾಹ್ನ. ಮದ್ರಸದಲ್ಲಿ ಶರ್ಹುಲ್ ವಿಕಾಯ ಓದುವಾಗ ಉಸ್ತಾದರು ಇದನ್ನು ಪಾಠ ಮಾಡಿದ್ದರು. ಆ ಅರಬಿ ಪುಸ್ತಕದಲ್ಲಿ ಇದರ ಹೆಸರು "ದಾಇರಾ ಹಿಂದಿಯಾ", ಅಂದರೆ ಹಿಂದೂಸ್ತಾನದ ವೃತ್ತ. ನಮ್ಮ ದೇಶದ ಜ್ಯೋತಿರ್ವಿದರು ಶಂಕು ನೆಟ್ಟು ಮಾಡುತ್ತಿದ್ದ ಈ ಕೆಲಸವನ್ನು ಮುಸ್ಲಿಂ ವಿದ್ವಾಂಸರು ಕಲಿತು, ಕಲಿತದ್ದು ಯಾರಿಂದ ಎಂಬುದನ್ನು ಹೆಸರಿನಲ್ಲೇ ಇಟ್ಟುಕೊಂಡರು. ಅಲ್ ಬಿರೂನಿ ನೆರಳುಗಳ ಬಗ್ಗೆಯೇ ಒಂದು ಗ್ರಂಥ ಬರೆದರು. ದಮಾಸ್ಕಸ್‌ನ ಉಮಯ್ಯಾ ಮಸೀದಿಯಲ್ಲಿ ಸಮಯ ನೋಡುವುದಕ್ಕೆಂದೇ ನೇಮಕವಾಗಿದ್ದ ಮುವಕ್ಕಿತ್ ಇಬ್ನ್ ಅಶ್ಶಾತಿರ್ ಹಿಜರಿ 773ರಲ್ಲಿ, ಅಂದರೆ 1371-72ರಲ್ಲಿ, ಅಲ್ಲಿನ ಮಿನಾರಿನಲ್ಲಿ ದೊಡ್ಡ ನೆರಳು ಗಡಿಯಾರ ಇಟ್ಟರು. ಮಸೀದಿಯ ಸಂಬಳದಲ್ಲಿ ಖಗೋಳ ವಿಜ್ಞಾನಿ! ಈಗ ನಮ್ಮ ಕಮಿಟಿಗಳಿಗೆ ಮೈಕ್ ಸೆಟ್ ರಿಪೇರಿಗೇ ಹಣ ಸಾಲುವುದಿಲ್ಲ, ಇರಲಿ.

ನಮ್ಮ ಮಕ್ಕಳು ಕಂಡ ಮೊದಲ ಆಶ್ಚರ್ಯ, ನಡುಮಧ್ಯಾಹ್ನ ಗಡಿಯಾರದಲ್ಲಿ 12 ಗಂಟೆಗೆ ಆಗುವುದಿಲ್ಲ ಎಂಬುದು. 1906ರಿಂದ ಭಾರತದ ಗಡಿಯಾರ ಉತ್ತರ ಪ್ರದೇಶದ ಮಿರ್ಜಾಪುರದ ಬಳಿ ಹಾಯುವ 82.5 ಡಿಗ್ರಿ ರೇಖಾಂಶಕ್ಕೆ ಹೊಂದಿಕೊಂಡಿದೆ. ನಾವು ಅದರಿಂದ ಪಶ್ಚಿಮಕ್ಕೆ 4 ಡಿಗ್ರಿಗಿಂತ ಸ್ವಲ್ಪ ಹೆಚ್ಚು, ಆದ್ದರಿಂದ ಸರಾಸರಿ 17 ನಿಮಿಷ ತಡ. ವರ್ಷದ ಓಟದಲ್ಲಿ ಇದೂ ಹಿಂದೆ ಮುಂದೆ ಆಗುತ್ತದೆ. ನವೆಂಬರ್ ಆರಂಭದಲ್ಲಿ ಸುಮಾರು 12:01ಕ್ಕೆ, ಫೆಬ್ರವರಿ ಎರಡನೇ ವಾರದಲ್ಲಿ ಸುಮಾರು 12:31ಕ್ಕೆ. ಜುಮಾದ ದಿನ ಬೇಗ ಬಂದು ಸುನ್ನತ್‌ಗೆ ನಿಲ್ಲುವವರಿಗೆ "ಇನ್ನೂ ಜವಾಲ್ ಆಗಿಲ್ಲ, ಕೂತುಕೊಳ್ಳಿ" ಎಂದು ಮುಅಝ್ಝಿನ್ ಸಾಹೇಬರು ಹೇಳುವುದು ಇದಕ್ಕೇ.

ಎರಡನೆಯ ಆಶ್ಚರ್ಯ ದೊಡ್ಡದು. ಒಂದು ಮೀಟರ್ ಕೋಲಿನ ಮಧ್ಯಾಹ್ನದ ನೆರಳು ಡಿಸೆಂಬರ್ ಕೊನೆಯಲ್ಲಿ ನಮ್ಮಲ್ಲಿ ಸುಮಾರು 74 ಸೆಂ.ಮೀ. ಮಾರ್ಚ್ 21ರ ಹೊತ್ತಿಗೆ ಸುಮಾರು 23 ಸೆಂ.ಮೀ. ಏಪ್ರಿಲ್ 25ರ ಆಸುಪಾಸಿನಲ್ಲಿ ನೆರಳೇ ಇಲ್ಲ! ಸೂರ್ಯ ನೆತ್ತಿಯ ಮೇಲೆ, ಕೋಲಿನ ನೆರಳು ಕೋಲಿನ ಬುಡದಲ್ಲೇ. ಆಮೇಲೆ ಜೂನ್‌ನಲ್ಲಿ ನೋಡಿದರೆ ನೆರಳು ಉತ್ತರ ಬಿಟ್ಟು ದಕ್ಷಿಣಕ್ಕೆ ಬಿದ್ದಿದೆ, ಸುಮಾರು 18 ಸೆಂ.ಮೀ. ಒಬ್ಬ ಹುಡುಗ ಕೋಲು ಓರೆಯಾಗಿದೆ ಎಂದು ಎರಡು ಸಲ ಕಿತ್ತು ನೆಟ್ಟ. ಆಗಸ್ಟ್ 17ರ ಸುಮಾರಿಗೆ ಮತ್ತೆ ನೆರಳಿಲ್ಲದ ದಿನ. ಆದರೆ ಆಗ ನಮ್ಮಲ್ಲಿ ಮೋಡ, ಕಂಡರೆ ಅದೃಷ್ಟ. ದೆಹಲಿಯ ಮಕ್ಕಳಿಗೆ ಈ ಭಾಗ್ಯ ಇಲ್ಲವೇ ಇಲ್ಲ, ಅಲ್ಲಿ ಸೂರ್ಯ ಎಂದೂ ನೆತ್ತಿಯ ಮೇಲೆ ಬರುವುದಿಲ್ಲ.

ಕಾರಣಕ್ಕೆ ಮತ್ತೆ ಕಿತ್ತಳೆ ಹಿಡಿಯಿರಿ. ಈ ಸಲ ನೆಟ್ಟಗಲ್ಲ, ತೊಟ್ಟನ್ನು ಒಂದು ಕಡೆಗೆ ವಾಲಿಸಿ. ಭೂಮಿ ಸುಮಾರು 23.5 ಡಿಗ್ರಿ ವಾಲಿಕೊಂಡೇ ಸೂರ್ಯನನ್ನು ಸುತ್ತುತ್ತದೆ, ವಾಲಿದ ದಿಕ್ಕು ಬದಲಾಗುವುದಿಲ್ಲ. ಟಾರ್ಚಿನ ಸುತ್ತ ಹಣ್ಣನ್ನು ಹಾಗೆಯೇ ಒಯ್ದರೆ ಅರ್ಧ ವರ್ಷ ತೊಟ್ಟಿನ ಕಡೆ ಬೆಳಕು ಹೆಚ್ಚು, ಇನ್ನರ್ಧ ವರ್ಷ ಕಡಿಮೆ. ದೆಹಲಿ ಹೆಚ್ಚು ಕಡಿಮೆ ನಮ್ಮ ನೇರಕ್ಕೇ ಉತ್ತರದಲ್ಲಿದ್ದರೂ ಅಲ್ಲಿನ ಮಗ್ರಿಬ್ ನಮಗೆ ಹೊಂದದಿರುವುದು ಇದರಿಂದ. ಜೂನ್ ಕೊನೆಯಲ್ಲಿ ಅಲ್ಲಿ ಸೂರ್ಯ ಮುಳುಗುವುದು ಸುಮಾರು 7:20ಕ್ಕೆ, ಇಲ್ಲಿ 6:45ರ ಸುಮಾರಿಗೆ. ಡಿಸೆಂಬರ್ ಕೊನೆಯಲ್ಲಿ ತಿರುಗುಮುರುಗು, ಅಲ್ಲಿ 5:30ಕ್ಕೇ, ಇಲ್ಲಿ 5:55ರ ಸುಮಾರಿಗೆ.

ಅಸರ್ ಸಮಯವನ್ನೂ ಮಕ್ಕಳು ಈಗ ತಾವೇ ಲೆಕ್ಕ ಹಾಕಬಲ್ಲರು. ನಡುಮಧ್ಯಾಹ್ನ ಉಳಿದ ನೆರಳಿಗೆ ಸಾಯ-ಎ-ಅಸ್ಲಿ ಎನ್ನುತ್ತೇವೆ. ಇಮಾಮ್ ಅಬೂ ಹನೀಫಾ(ರ) ಅವರ ಪ್ರಕಾರ ಅದಕ್ಕೆ ಕೋಲಿನ ಎರಡರಷ್ಟು ಸೇರಿಸಿದಾಗ ಅಸರ್. ಮಾರ್ಚ್‌ನಲ್ಲಾದರೆ 23ಕ್ಕೆ 200 ಸೇರಿ 223 ಸೆಂ.ಮೀ. ಕರಾವಳಿಯ ಶಾಫಿಈ ಸಹೋದರರಿಗೆ ಕೋಲಿನ ಒಂದರಷ್ಟೇ ಸಾಕು, ಆದ್ದರಿಂದ ಅವರ ಅಸರ್ ಬೇಗ. ಮಂಗಳೂರಿಗೆ ಮದುವೆಗೆ ಹೋದವರು ಇಷ್ಟು ಬೇಗ ಅಜಾನ್ ಯಾಕೆ ಎಂದು ಗೊಣಗುವ ಮೊದಲು ಇದನ್ನು ನೆನೆಯಲಿ.

ಗ್ರಹಣದ ಮಾತು ಹೇಳದಿದ್ದರೆ ಈ ಬರಹ ಅರ್ಧವಾಗುತ್ತದೆ. 2019ರ ಡಿಸೆಂಬರ್ 26, ಗುರುವಾರ. ಕಾಸರಗೋಡು ಜಿಲ್ಲೆಯ ಚೆರುವತ್ತೂರಿನಲ್ಲಿ, ಮಂಗಳೂರಿನಲ್ಲಿ ಸೂರ್ಯ ಉಂಗುರದಂತೆ ಕಂಡಿತು. ನಮ್ಮಲ್ಲಿ ಬೆಳಿಗ್ಗೆ 8 ಗಂಟೆ ದಾಟಿದ ಮೇಲೆ ಶುರುವಾಗಿ 11ರ ತನಕ, ಬಹುಭಾಗ ಮುಚ್ಚಿತ್ತು. ಅದೇ ದಿನ ಕಲಬುರಗಿ ಬಳಿಯ ಒಂದು ಹಳ್ಳಿಯಲ್ಲಿ ಅಂಗವೈಕಲ್ಯ ಇದ್ದ ಮಕ್ಕಳನ್ನು ವಾಸಿಯಾಗಲಿ ಎಂದು ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂತಿದ್ದ ಸುದ್ದಿ ಪತ್ರಿಕೆಗಳಲ್ಲಿ ಬಂತು. ಓದಿ ಎದೆ ಒಡೆಯಿತು. ಆ ತಾಯಿತಂದೆಯರು ಮಕ್ಕಳ ಮೇಲೆ ಪ್ರೀತಿ ಇಲ್ಲದವರಲ್ಲ, ಯಾರೂ ಅವರಿಗೆ ಟಾರ್ಚ್ ಹಿಡಿದು ತೋರಿಸಿರಲಿಲ್ಲ. ಅವರ ಮಾತು ಬೇಡ, ನಮ್ಮ ಮನೆಗಳಲ್ಲಿ ಬಸುರಿ ಸೊಸೆಗೆ ಗ್ರಹಣದ ಹೊತ್ತು ಈಳಿಗೆ ಮಣೆ ಮುಟ್ಟಬೇಡ, ಮಗುವಿನ ತುಟಿ ಸೀಳುತ್ತದೆ ಎನ್ನುವವರು ಇಲ್ಲವೇ?

ಪ್ರವಾದಿಯವರ(ಸ) ಪುಟ್ಟ ಮಗ ಇಬ್ರಾಹೀಮ್ ತೀರಿಹೋದ ದಿನ ಸೂರ್ಯಗ್ರಹಣವಾಯಿತು. ಮಗುವಿನ ಸಾವಿಗೇ ಸೂರ್ಯ ಕಂದಿತು ಎಂದು ಜನ ಮಾತಾಡಿಕೊಂಡರು. ಮಗನನ್ನು ಕಳೆದುಕೊಂಡ ತಂದೆ ಆ ಮಾತನ್ನು ಸುಮ್ಮನೆ ಬಿಟ್ಟಿದ್ದರೂ ಯಾರೂ ಕೇಳುತ್ತಿರಲಿಲ್ಲ. ಆದರೆ ಅವರು(ಸ) ಎದ್ದು ನಿಂತು, ಸೂರ್ಯ ಚಂದ್ರರಿಗೆ ಗ್ರಹಣ ಹಿಡಿಯುವುದು ಯಾರ ಸಾವಿಗೂ ಅಲ್ಲ, ಯಾರ ಹುಟ್ಟಿಗೂ ಅಲ್ಲ, ಅವು ಅಲ್ಲಾಹನ ನಿದರ್ಶನಗಳು ಎಂದು ತಿದ್ದಿದರು, ನಮಾಜಿಗೆ ಕರೆದರು. ಬುಖಾರಿಯಲ್ಲಿರುವ ಹದೀಸ್ ಇದು. ದುಃಖದ ದಿನವೂ ಸುಳ್ಳನ್ನು ನಿಲ್ಲಲು ಬಿಡದ ಪ್ರವಾದಿಯ(ಸ) ಉಮ್ಮತ್ ನಾವು.

ಆ ಗುರುವಾರ ಗ್ರಹಣದ ನಮಾಜ್ ಮುಗಿಸಿ ಹೊರಬಂದಾಗ ಹೊಂಗೆ ಮರದ ಕೆಳಗೆ ಮಕ್ಕಳು ಕಿರುಚುತ್ತಿದ್ದರು. ಎಲೆಗಳ ಸಂದಿನಿಂದ ನೆಲದ ಮೇಲೆ ಬಿದ್ದ ಬೆಳಕಿನ ಚುಕ್ಕೆಗಳೆಲ್ಲ ಈದ್‌ನ ಚಂದ್ರನಂತೆ ಬಾಗಿದ್ದವು, ನೂರಾರು. ಉಳಿದ ದಿನ ಅವು ದುಂಡಗೆ ಇರುವುದು ಸೂರ್ಯ ದುಂಡಗಿರುವುದರಿಂದ. ಚಿಕ್ಕ ತೂತಿನಲ್ಲಿ ಹಾಯ್ದ ಬೆಳಕು ಸೂರ್ಯನ ಚಿತ್ರವನ್ನೇ ನೆಲದ ಮೇಲೆ ಬಿಡಿಸುತ್ತದೆ. ಕಪ್ಪು ಕೋಣೆಗೆ ಚಿಕ್ಕ ತೂತಿನಿಂದ ಬರುವ ಬೆಳಕನ್ನು ಸಾವಿರ ವರ್ಷದ ಹಿಂದೆ ಇಬ್ನುಲ್ ಹೈಸಮ್ ಪರೀಕ್ಷಿಸಿದ್ದರು, ಗ್ರಹಣದ ಆಕಾರದ ಬಗ್ಗೆಯೂ ಬರೆದಿದ್ದರು. ರಟ್ಟಿನಲ್ಲಿ ಗುಂಡುಪಿನ್ನಿನಿಂದ ತೂತು ಮಾಡಿ ಬಿಳಿ ಹಾಳೆಯ ಮೇಲೆ ಬಿಡಿ, ಯಾವ ದಿನವಾದರೂ ಸೂರ್ಯನ ಚಿತ್ರ ಸಿಗುತ್ತದೆ. ಸೂರ್ಯನನ್ನು ಮಾತ್ರ ನೇರವಾಗಿ ನೋಡಬೇಡಿ, ಗ್ರಹಣವಿರಲಿ ಇಲ್ಲದಿರಲಿ. ತಂಪು ಕನ್ನಡಕ, ಎಕ್ಸ್‌ರೇ ಹಾಳೆ ಯಾವುದೂ ಕಣ್ಣನ್ನು ಕಾಯುವುದಿಲ್ಲ.

ಮಕ್ಕಳಿಗೆ ಇನ್ನೊಂದು ದಿನಾಂಕ ಬರೆದುಕೊಟ್ಟಿದ್ದೇನೆ, ನೀವೂ ಕ್ಯಾಲೆಂಡರಿನಲ್ಲಿ ಗುರುತು ಮಾಡಿಕೊಳ್ಳಿ. ಪ್ರತಿ ವರ್ಷ ಮೇ 27-28ರಂದು ನಮ್ಮ ಗಡಿಯಾರದಲ್ಲಿ ಮಧ್ಯಾಹ್ನ 2:48ಕ್ಕೆ, ಜುಲೈ 15-16ರಂದು 2:57ಕ್ಕೆ, ಸೂರ್ಯ ಸರಿಯಾಗಿ ಕಾಬಾದ ನೆತ್ತಿಯ ಮೇಲಿರುತ್ತದೆ. ಆ ಕ್ಷಣದಲ್ಲಿ ನೆಟ್ಟಗಿನ ಕೋಲಿನ ನೆರಳು ಕಿಬ್ಲಾಕ್ಕೆ ನೇರ ಬೆನ್ನು ಹಾಕಿ ಬೀಳುತ್ತದೆ. ನೆರಳಿನ ತುದಿಯಿಂದ ಕೋಲಿನ ಬುಡದ ಕಡೆಗೆ ಗೆರೆ ಎಳೆದರೆ ಅದೇ ಕಿಬ್ಲಾ. ನಮ್ಮಲ್ಲಿ ಅದು ನೇರ ಪಶ್ಚಿಮವಲ್ಲ, ಉತ್ತರಕ್ಕೆ ಸುಮಾರು 18 ಡಿಗ್ರಿ ವಾಲಿದೆ. ಹೊಸ ಮನೆ ಕಟ್ಟುವವರು, ನಮಾಜಿನ ಕೋಣೆ ಗುರುತಿಸುವವರು ಒಮ್ಮೆ ನೋಡಿಕೊಳ್ಳಬಹುದು.

ಆ ಹುಡುಗಿ ಈಗಾಗಲೇ ನಾನಿಗೆ ಫೋನ್ ಮಾಡಿ, ಮೇ 28ಕ್ಕೆ ಚೆನ್ನೈ ಮನೆಯ ಮಾಳಿಗೆಯಲ್ಲೂ ಒಂದು ಕೋಲು ನೆಡಬೇಕೆಂದು ಹೇಳಿದ್ದಾಳಂತೆ. "ಅವತ್ತೂ ನೀನು ಎಂಟು ನಿಮಿಷ ಮೊದಲೇ ನೋಡ್ಬಿಡ್ತೀಯಾ ನಾನಿ?" ಎಂದು ಕೇಳಿ, ಉತ್ತರವನ್ನೂ ಅವಳೇ ಹೇಳಿದ್ದಾಳೆ. ಇಲ್ಲ, ಅವತ್ತು ಇಬ್ಬರಿಗೂ 2:48ಕ್ಕೇ.